‘ಸ್ಪೇರ್ ಪಾರ್ಟ್ಸ್’ ಎಂದು ಬರೆದ ಪೆಟ್ಟಿಗೆ

ಡಿಸೆಂಬರ್ ಎರಡನೆಯ ವಾರದಲ್ಲಿ ನಮ್ಮ ಹನ್ನೊಂದು ಪೆಟ್ಟಿಗೆಗಳು ಮುಂಬೈ ವಿಮಾನ ನಿಲ್ದಾಣದ ಸಹಾರ್ ಕಾರ್ಗೋ ಸಂಕೀರ್ಣದಿಂದ ಮರಳಿ ಬಂದವು. ಹತ್ತರಲ್ಲಿ ಒಂದೊಂದು ಇಸಿಜಿ ಯಂತ್ರ, ಹನ್ನೊಂದನೆಯದರಲ್ಲಿ ಇಪ್ಪತ್ತು ಹೆಚ್ಚುವರಿ ಬ್ಯಾಟರಿ. ಆ ಹನ್ನೊಂದನೆಯ ಪೆಟ್ಟಿಗೆಯ ಮೇಲೂ ಇನ್ವಾಯ್ಸಿನಲ್ಲೂ ‘ಸ್ಪೇರ್ ಪಾರ್ಟ್ಸ್’ ಎಂದು ಬರೆದವಳು ನಾನು. ಮೋಸ ಮಾಡಬೇಕೆಂದು ಬರೆದದ್ದಲ್ಲ. ಬ್ಯಾಟರಿಯೂ ಯಂತ್ರದ ಬಿಡಿಭಾಗವೇ ತಾನೇ ಎಂದುಕೊಂಡಿದ್ದೆ.

ನವಿ ಮುಂಬೈನ ರಬಾಳೆ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಹದಿನಾಲ್ಕು ಜನರ ಸಣ್ಣ ಘಟಕ. ಕೈಯಲ್ಲಿ ಹೊತ್ತೊಯ್ಯಬಹುದಾದ ಇಸಿಜಿ ಯಂತ್ರಗಳನ್ನು ಜೋಡಿಸುತ್ತೇವೆ. ನಾನು ಲೆಕ್ಕಪತ್ರದ ಜೊತೆಗೆ ಮಾಲು ರವಾನೆಯ ಕಾಗದಗಳನ್ನೂ ನೋಡಿಕೊಳ್ಳುತ್ತೇನೆ. ಈ ಮೊದಲು ನಾಲ್ಕೈದು ಬಾರಿ ಒಂದೊಂದು, ಎರಡೆರಡು ಯಂತ್ರಗಳನ್ನು ವಿಮಾನದಲ್ಲಿ ಕಳುಹಿಸಿದ್ದೆವು. ಆಗ ಯಾರೂ ಏನೂ ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ ಪಡೆದ ಅಪಾಯಕಾರಿ ಸರಕು ರವಾನೆಯ ತರಬೇತಿಯ ಎರಡನೆಯ ದಿನ. ಅದನ್ನು ಮುಂದೆ ಹೇಳುತ್ತೇನೆ.

ಎಕ್ಸ್-ರೇ ಪರದೆಯ ಮೇಲೆ ಆ ಪೆಟ್ಟಿಗೆಯೊಳಗೆ ಸಾಲುಸಾಲಾಗಿ ಸಿಲಿಂಡರ್‌ಗಳು ಕಂಡವಂತೆ. ನಮ್ಮ ಒಂದು ಬ್ಯಾಟರಿಯೆಂದರೆ ಎಂಟು ಸೆಲ್. ಪ್ರತಿ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಇಪ್ಪತ್ತು ಬ್ಯಾಟರಿ ಸೇರಿದರೆ 160 ಸೆಲ್. ಕಾಗದದಲ್ಲಿ ಲಿಥಿಯಂ ಎಂಬ ಪದವೇ ಇಲ್ಲ. ನಮ್ಮ ಮಾಲನ್ನು ವಿಮಾನ ಕಂಪನಿಗೆ ಒಪ್ಪಿಸುವ ಫಾರ್ವರ್ಡರ್ ಕಚೇರಿಯವರು ಸಂಜೆ ಏಳಕ್ಕೆ ಫೋನ್ ಮಾಡಿ, “ಮೇಡಂ, ಇದು ಘೋಷಿಸದ ಅಪಾಯಕಾರಿ ಸರಕು ಎಂದು ದಾಖಲಾಗಿದೆ. ನಾಳೆ ಬಂದು ವಿವರಣೆ ಬರೆದುಕೊಡಿ” ಎಂದರು. ಆ ರಾತ್ರಿ ಡೊಂಬಿವಲಿಯ ಮನೆಗೆ ಹೋದವಳು ಊಟ ಮಾಡಲಿಲ್ಲ. ಅತ್ತೆ ಎರಡು ಬಾರಿ ಕರೆದರು. ‘ಅಪಾಯಕಾರಿ’ ಎಂಬ ಪದದ ಪಕ್ಕದಲ್ಲಿ ನನ್ನ ಸಹಿ ಇತ್ತು. ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ವಿವರಣೆ ಬರೆದುಕೊಟ್ಟೆವು, ತಪ್ಪು ಒಪ್ಪಿಕೊಂಡೆವು. ಮಾಲು ಬಿಡಿಸಿಕೊಳ್ಳಲು ಐದು ದಿನ ಹಿಡಿಯಿತು. ದಾಸ್ತಾನಿನ ಬಾಡಿಗೆ 6,400 ರೂಪಾಯಿ, ಟೆಂಪೋಗೆ ಹೋಗಿ ಬರಲು 5,600. ಹಣಕ್ಕಿಂತ ಹೆಚ್ಚು ನೋವಾದದ್ದು ನೈರೋಬಿಯ ಖರೀದಿದಾರರಿಗೆ ಪತ್ರ ಬರೆಯುವಾಗ. ಅವರು ಆ ಯಂತ್ರಗಳನ್ನು ಹಳ್ಳಿಯ ಚಿಕಿತ್ಸಾಲಯಗಳಿಗೆ ಹಂಚುವವರಿದ್ದರು.

ಈ ನಡುವೆ ಒಬ್ಬ ಏಜೆಂಟರು ಮಾಲೀಕರ ಬಳಿ ಬಂದು, ಬೇರೆ ದಾರಿಯಿಂದ ಹಾಗೆಯೇ ಕಳುಹಿಸಿಕೊಡುತ್ತೇನೆ, ತರಬೇತಿ ಗಿರಬೇತಿ ಏನೂ ಬೇಡ ಎಂದರು. ಮಾಲೀಕರು ನನ್ನ ಮುಖ ನೋಡಿದರು. ನಾನು ಬೇಡವೆಂದೆ. ಅಷ್ಟು ಹೊತ್ತಿಗಾಗಲೇ ನಾನು 2010ರ ದುಬೈ ಅಪಘಾತದ ಬಗ್ಗೆ ಓದಿಕೊಂಡಿದ್ದೆ. ಆ ವರ್ಷದ ಸೆಪ್ಟೆಂಬರ್ 3ರಂದು ದುಬೈನಿಂದ ಜರ್ಮನಿಯ ಕಲೋನ್‌ಗೆ ಹೊರಟ ಯುಪಿಎಸ್ ಕಂಪನಿಯ 747 ಸರಕು ವಿಮಾನದಲ್ಲಿ ಬೆಂಕಿ ಹತ್ತಿತು. ವಿಮಾನ ದುಬೈ ಕಡೆಗೆ ಮರಳಿದರೂ ಹೊಗೆಯಲ್ಲಿ ಪೈಲಟ್‌ಗಳಿಗೆ ಎದುರಿನ ಉಪಕರಣಗಳೇ ಕಾಣಲಿಲ್ಲ. ಇಬ್ಬರೂ ಸತ್ತರು. ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳ ದೊಡ್ಡ ರಾಶಿಯಿತ್ತು. ಕೆಲವನ್ನು ಸರಿಯಾಗಿ ಘೋಷಿಸಿಯೇ ಇರಲಿಲ್ಲ. ಎಲ್ಲೋ ಒಂದು ಮೇಜಿನ ಮುಂದೆ ಕುಳಿತು ನನ್ನಂತೆಯೇ ಯಾರೋ ಏನೋ ಬರೆದಿರಬೇಕು ಎಂಬುದು ನನ್ನನ್ನು ಬಿಡಲಿಲ್ಲ.

ತರಬೇತಿಗೆ ಹೆಸರು ನೋಂದಾಯಿಸುವಾಗ ನಾನು ಕಲಿತ ಮೊದಲ ಪಾಠ: ತರಬೇತಿ ಕೇಂದ್ರವು ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಅನುಮೋದನೆ ಪಡೆದಿದೆಯೇ ಎಂದು ಮೊದಲು ನೋಡಿ. ಬ್ಯಾಟರಿ ಸುರಕ್ಷತೆಯೆಂದು ಆನ್‌ಲೈನಿನಲ್ಲಿ ಎರಡು ಗಂಟೆಯ ಪಾಠ ಮಾಡಿ ಪ್ರಮಾಣಪತ್ರ ಕೊಡುವವರು ಬೇಕಾದಷ್ಟಿದ್ದಾರೆ. ಅದನ್ನು ತೆಗೆದುಕೊಂಡು ಕಾರ್ಗೋ ಕೌಂಟರಿಗೆ ಹೋದರೆ ಕೆಲಸಕ್ಕೆ ಬರುವುದಿಲ್ಲ. ಎರಡನೆಯದು, ನೀವು ಮಾಡುವ ಕೆಲಸವೇನೆಂದು ಸ್ಪಷ್ಟವಾಗಿ ಹೇಳಿ. 2023ರಿಂದ ಈ ತರಬೇತಿ ಕೆಲಸಕ್ಕೆ ತಕ್ಕಂತೆ ನಡೆಯುತ್ತದೆ. ಮಾಲು ಕಟ್ಟುವವರಿಗೆ, ಕಾಗದಕ್ಕೆ ಸಹಿ ಹಾಕುವವರಿಗೆ, ವಿಮಾನ ಕಂಪನಿಯ ಪರವಾಗಿ ಮಾಲು ಸ್ವೀಕರಿಸುವವರಿಗೆ ಬೇರೆ ಬೇರೆ ಪಾಠ, ಬೇರೆ ಪರೀಕ್ಷೆ. ನಾನು ಕಳುಹಿಸುವವರ ಕಡೆಯವಳು ಎಂದು ಬರೆದುಕೊಟ್ಟೆ. ಆಧಾರ್ ಪ್ರತಿ, ಎರಡು ಫೋಟೋ, ಕಂಪನಿಯ ಪತ್ರ ಕೇಳಿದರು. ಶುಲ್ಕ 9,500, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ. ಒಟ್ಟು 11,210 ರೂಪಾಯಿ. ಡಿಸೆಂಬರ್ ಕೊನೆಯ ವಾರವೆಂದಿದ್ದ ತಂಡ ಸಾಕಷ್ಟು ಜನ ಸೇರದೆ ಎರಡು ವಾರ ಮುಂದೆ ಹೋಯಿತು. ಆಗ ಬೇಸರವಾಗಿತ್ತು. ಆದರೆ ಡಿಸೆಂಬರಿನಲ್ಲೇ ಮುಗಿಸಿದ್ದರೆ ಹಳೆಯ ಪುಸ್ತಕ ಓದಿ ಬರುತ್ತಿದ್ದೆ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಅಯಾಟಾದ ಅಪಾಯಕಾರಿ ಸರಕು ನಿಯಮಗಳ ಪುಸ್ತಕ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ. 2026ರದ್ದು 67ನೆಯ ಆವೃತ್ತಿ. ಈ ವರ್ಷ ನಮ್ಮಂಥವರಿಗೇ ತಟ್ಟುವ ಒಂದು ಬದಲಾವಣೆ ಅದರಲ್ಲಿದೆ.

ತರಗತಿ ಅಂಧೇರಿ ಪೂರ್ವದಲ್ಲಿ. ಡೊಂಬಿವಲಿಯಿಂದ ಏಳೂಕಾಲರ ಫಾಸ್ಟ್ ಲೋಕಲ್ ಹಿಡಿದು ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ. ಹನ್ನೆರಡು ಜನರಿದ್ದೆವು, ಹೆಂಗಸರು ಇಬ್ಬರು. ಪ್ರತಿ ಮೇಜಿನ ಮೇಲೂ ಆ ಪುಸ್ತಕವಿತ್ತು. ಸಾವಿರ ಪುಟ ಮೀರಿದ್ದು, ಸಣ್ಣ ಅಕ್ಷರದ ಇಂಗ್ಲಿಷ್. ನೋಡಿದ ಕೂಡಲೇ ನನಗೆ ಕೈ ತಣ್ಣಗಾಯಿತು.

ಬೋಧಕರು ಕಾರ್ಗೋದಲ್ಲೇ ಆಯುಷ್ಯ ಕಳೆದು ನಿವೃತ್ತರಾದವರು. ಚಹಾದ ಹೊತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರ ಕಂಡು, “ಯಾವ ಊರಮ್ಮ ನಿಮ್ಮದು?” ಎಂದರು. “ಕಾರ್ಕಳದ ಹತ್ತಿರ, ಸರ್.” “ನಾನು ಮಾಟುಂಗಾದಲ್ಲೇ ಹುಟ್ಟಿ ಬೆಳೆದವನು, ನಮ್ಮ ತಂದೆಯವರು ಕುಂದಾಪುರದವರು. ಅರ್ಥವಾಗದಿದ್ದರೆ ಕನ್ನಡದಲ್ಲೇ ಕೇಳಿ” ಎಂದರು. ಅಂದಿನಿಂದ ನಾನು ಪ್ರತಿ ವಿರಾಮದಲ್ಲೂ ಕೇಳಿದೆ, ಅವರು ಒಮ್ಮೆಯೂ ಬೇಸರಿಸಲಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ: ವಿಮಾನದಲ್ಲಿ ಬೆಂಕಿ ಆರಿಸುವ ವ್ಯವಸ್ಥೆ ಇರುತ್ತದಲ್ಲ, ಮತ್ತೇಕೆ ಇಷ್ಟು ಭಯ? ಅವರು ಹೇಳಿದ ಉತ್ತರವನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. “ಊರಿನಲ್ಲಿ ಬೈಹುಲ್ಲಿನ ಬಣವೆಗೆ ಬೆಂಕಿ ಬಿದ್ದದ್ದನ್ನು ನೋಡಿದ್ದೀರಲ್ಲ? ಹೊರಗೆ ಆರಿದಂತೆ ಕಾಣುತ್ತದೆ, ಒಳಗೆ ಕಾವು ಹರಿಯುತ್ತಲೇ ಇರುತ್ತದೆ. ವಿಮಾನದ ಸರಕುಕೋಣೆಯಲ್ಲಿ ಬಳಸುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸುತ್ತದೆ. ಕೆಟ್ಟ ಸೆಲ್ಲಿನೊಳಗೆ ನಡೆಯುತ್ತಿರುವ ಕ್ರಿಯೆಯನ್ನು ಅದು ನಿಲ್ಲಿಸುವುದಿಲ್ಲ. ಆ ಕಾವು ಪಕ್ಕದ ಸೆಲ್ಲಿಗೆ ದಾಟುತ್ತದೆ, ಅಲ್ಲಿಂದ ಅದರ ಪಕ್ಕದ್ದಕ್ಕೆ.” ಸೆಲ್ಲಿನಲ್ಲಿ ಚಾರ್ಜ್ ಕಡಿಮೆ ಇದ್ದಷ್ಟೂ ಈ ಕಾವು ಹರಡುವ ಜೋರು ಕಡಿಮೆ. ಅದಕ್ಕೇ ಚಾರ್ಜ್ 30 ಪ್ರತಿಶತ ಮೀರಬಾರದೆಂಬ ನಿಯಮ.

ಮೊದಲ ದಿನವೆಲ್ಲ ಗುರುತಿಸುವುದನ್ನೇ ಕಲಿತೆವು. ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆಯ ಗುರುತು ಸಂಖ್ಯೆ ಇರುತ್ತದೆ, ಅದೇ ಯುಎನ್ ಸಂಖ್ಯೆ. ಲಿಥಿಯಂ ಅಯಾನ್ ಬ್ಯಾಟರಿ ಯಂತ್ರವಿಲ್ಲದೆ ಬರಿದೇ ಹೋದರೆ ಯುಎನ್ 3480. ಯಂತ್ರದೊಳಗೆ ಕೂಡಿಸಿ ಅಥವಾ ಯಂತ್ರದ ಜೊತೆ ಅದೇ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರೆ ಯುಎನ್ 3481. ಮರುಚಾರ್ಜ್ ಆಗದ ಲಿಥಿಯಂ ಲೋಹದ ಬ್ಯಾಟರಿಗೆ 3090 ಮತ್ತು 3091. ಇವೆಲ್ಲವೂ 9ನೆಯ ವರ್ಗದ ಅಪಾಯಕಾರಿ ಸರಕು. ಯಾವುದನ್ನು ಹೇಗೆ ಕಟ್ಟಬೇಕೆಂದು ಹೇಳುವ ಪ್ಯಾಕಿಂಗ್ ನಿಯಮಗಳು 965ರಿಂದ 970ರವರೆಗೆ. ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಡಿ. ನೀಲಿ ಪುಟಗಳ ಪಟ್ಟಿಯಲ್ಲಿ ಹೆಸರು ಹುಡುಕಿ, ಆ ಸಾಲಿನಲ್ಲಿ ಬಲಕ್ಕೆ ಸರಿಯುತ್ತ ಹೋಗಿ. ಅದೊಂದು ಅಭ್ಯಾಸವಾದರೆ ಅರ್ಧ ಪರೀಕ್ಷೆ ಮುಗಿದಂತೆ.

ಆಮೇಲೆ ವ್ಯಾಟ್-ಅವರ್ ಲೆಕ್ಕ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಆಯಿತು. ಬೋಧಕರು ತಮ್ಮ ಚೀಲದಿಂದ ಪವರ್‌ಬ್ಯಾಂಕ್ ತೆಗೆದು ತೋರಿಸಿದರು: 20,000 ಮಿಲಿ ಆಂಪಿಯರ್-ಅವರ್ ಎಂದರೆ 20, ಅದನ್ನು 3.7ರಿಂದ ಗುಣಿಸಿ, 74. ನಮ್ಮ ಬ್ಯಾಟರಿ 14.8 ವೋಲ್ಟ್, 5.2 ಆಂಪಿಯರ್-ಅವರ್, ಸುಮಾರು 77. ಬ್ಯಾಟರಿ 100 ವ್ಯಾಟ್-ಅವರ್ ಮೀರದಿದ್ದರೆ, ಸೆಲ್ 20 ಮೀರದಿದ್ದರೆ ನಿಯಮಗಳು ಎಷ್ಟೋ ಹಗುರಾಗುತ್ತವೆ. ನಾವು ಹಗುರದ ಕಡೆಯಲ್ಲೇ ಇದ್ದೆವು!

ಎರಡನೆಯ ದಿನ ನಮ್ಮದೇ ರವಾನೆಯನ್ನು ಉದಾಹರಣೆಯಾಗಿ ಹಲಗೆಯ ಮೇಲೆ ಬರೆಯಲು ಹೇಳಿದರು. ಹತ್ತು ಯಂತ್ರ, ಒಳಗೆ ಹತ್ತು ಬ್ಯಾಟರಿ, ಬೇರೆ ಪೆಟ್ಟಿಗೆಯಲ್ಲಿ ಇಪ್ಪತ್ತು. ಅವರು ಹನ್ನೊಂದನೆಯ ಪೆಟ್ಟಿಗೆಯ ಸುತ್ತ ಗೆರೆ ಎಳೆದರು. ಬ್ಯಾಟರಿಗಳನ್ನೇ ಪ್ರತ್ಯೇಕವಾಗಿ ಕಟ್ಟಿದ್ದರಿಂದ ಅದು ಯುಎನ್ 3480 ಆಯಿತು. 2016ರ ಏಪ್ರಿಲ್‌ನಿಂದ ಅಂಥ ಪೆಟ್ಟಿಗೆ ಪ್ರಯಾಣಿಕರ ವಿಮಾನದಲ್ಲಿ ಹೋಗುವಂತೆಯೇ ಇಲ್ಲ. ಸರಕು ವಿಮಾನವೇ ಬೇಕು, ಚಾರ್ಜ್ 30 ಪ್ರತಿಶತ ಮೀರಬಾರದು, 9ನೆಯ ವರ್ಗದ ಬ್ಯಾಟರಿ ಲೇಬಲ್, ಕಿತ್ತಳೆ ಬಣ್ಣದ ‘ಸರಕು ವಿಮಾನ ಮಾತ್ರ’ ಲೇಬಲ್, ಬ್ಯಾಟರಿ ಗುರುತು, ಕೆಂಪು ಗೀರಂಚಿನ ಘೋಷಣಾಪತ್ರ, ಅದಕ್ಕೆ ತರಬೇತಿ ಪಡೆದವರ ಸಹಿ. ಇಷ್ಟಾದರೂ ಎಷ್ಟೋ ವಿಮಾನ ಕಂಪನಿಗಳು 3480 ಬೇಡವೆನ್ನುತ್ತವೆ. ಇದ್ದುದರಲ್ಲೇ ಅತಿ ಕಷ್ಟದ ದಾರಿಯನ್ನು ನಾವು ಆರಿಸಿಕೊಂಡಿದ್ದೆವು, ಅದೂ ಒಂದೂ ಕಾಗದವಿಲ್ಲದೆ.

ಅದೇ ಇಪ್ಪತ್ತನ್ನು ಎರಡೆರಡಾಗಿ ಹಂಚಿ ಯಂತ್ರಗಳ ಪೆಟ್ಟಿಗೆಯಲ್ಲೇ ಇಟ್ಟರೆ? ಯಂತ್ರಕ್ಕೆ ಬೇಕಾದಷ್ಟು ಬ್ಯಾಟರಿ, ಅದರ ಮೇಲೆ ಎರಡು ಹೆಚ್ಚುವರಿ ಸೆಟ್ ಇಡಲು 966ನೆಯ ನಿಯಮ ಒಪ್ಪುತ್ತದೆ. ನಮ್ಮ ಒಂದು ಬ್ಯಾಟರಿ 440 ಗ್ರಾಂ. ಮೂರು ಸೇರಿ 1.32 ಕಿಲೋ. ಮಿತಿ ಪೆಟ್ಟಿಗೆಗೆ 5 ಕಿಲೋ. ಘೋಷಣಾಪತ್ರ ಬೇಡ, ಪ್ರಯಾಣಿಕರ ವಿಮಾನವೂ ಆಗುತ್ತದೆ. ಪ್ರತಿ ಪೆಟ್ಟಿಗೆಗೂ ಬ್ಯಾಟರಿ ಗುರುತು ಇರಬೇಕು, ವಿಮಾನ ಸರಕಿನ ರವಾನೆ ಪತ್ರವಾದ ಏರ್ ವೇಬಿಲ್‌ನಲ್ಲಿ 966ರ ಎರಡನೆಯ ಭಾಗಕ್ಕೆ, ಅಂದರೆ ಹಗುರ ನಿಯಮಗಳ ಭಾಗಕ್ಕೆ, ಅನುಗುಣವಾಗಿದೆ ಎಂಬ ಸಾಲು ಇರಬೇಕು. ಈ ವರ್ಷದ ಬದಲಾವಣೆ ಇಲ್ಲಿಯೇ ಬರುವುದು: 2026ರ ಜನವರಿ 1ರಿಂದ, ಯಂತ್ರದ ಜೊತೆ ಇಟ್ಟು ಕಳುಹಿಸುವ ಬ್ಯಾಟರಿಗೂ 30 ಪ್ರತಿಶತದ ಮಿತಿ ಕಡ್ಡಾಯ. ತೀರ ಪುಟ್ಟ, 2.7 ವ್ಯಾಟ್-ಅವರ್ ಒಳಗಿನವಕ್ಕೆ ಮಾತ್ರ ವಿನಾಯಿತಿ.

ಇನ್ನು, ಹಿಂದೆ ಯಾರೂ ಏಕೆ ಕೇಳಿರಲಿಲ್ಲ ಎಂಬುದು. ಯಂತ್ರದೊಳಗೇ ಕೂಡಿಸಿದ ಬ್ಯಾಟರಿ ಪೆಟ್ಟಿಗೆಗೆ ಎರಡು ಮೀರದಿದ್ದರೆ, ರವಾನೆಯಲ್ಲಿ ಅಂಥ ಪೆಟ್ಟಿಗೆ ಎರಡು ಮೀರದಿದ್ದರೆ, ಗುರುತು ಹಚ್ಚಬೇಕಿಲ್ಲ. ನಾವು ಅಷ್ಟು ದಿನ ನಿಯಮ ಗೊತ್ತಿದ್ದು ಪಾಲಿಸಿದವರಲ್ಲ, ವಿನಾಯಿತಿಯ ನೆರಳಿನಲ್ಲಿ ದಾಟಿದವರು. ಸಣ್ಣ ಕಂಪನಿಗಳು ಸಿಕ್ಕಿಬೀಳುವುದು ಇಲ್ಲೇ. ಮೊದಲ ಮಾದರಿಗಳು ಸಲೀಸಾಗಿ ಹೋಗುತ್ತವೆ. ಮೊದಲ ದೊಡ್ಡ ಆರ್ಡರ್ ನಿಲ್ಲುತ್ತದೆ.

ಎರಡನೆಯ ಭಾಗದ ಪ್ರಕಾರ ಹೀಗೆ ಕಳುಹಿಸುವವರಿಗೆ ಪೂರ್ಣ ತರಬೇತಿಯ ಪ್ರಮಾಣಪತ್ರ ಕಡ್ಡಾಯವಲ್ಲ, ಸಾಕಷ್ಟು ತಿಳಿವಳಿಕೆ ಕೊಟ್ಟ ದಾಖಲೆ ಇದ್ದರೂ ನಡೆಯುತ್ತದೆ ಎಂದು ಅಲ್ಲಿಯೇ ಗೊತ್ತಾಯಿತು. 11,210 ರೂಪಾಯಿ ದಂಡವಾಯಿತೇ ಎಂದು ಮಾಲೀಕರು ಆಮೇಲೆ ಕೇಳಿದರು. ಇಲ್ಲ. ವರ್ಷದೊಳಗೆ ಯಾರಾದರೂ ಯಂತ್ರವಿಲ್ಲದೆ ಬ್ಯಾಟರಿಗಳನ್ನಷ್ಟೇ ಬೇಡಿಯೇ ಬೇಡುತ್ತಾರೆ. ಆಗ ಘೋಷಣಾಪತ್ರಕ್ಕೆ ಸಹಿ ಬೇಕು. ನೀವು ಯಂತ್ರದ ಜೊತೆಯಲ್ಲಷ್ಟೇ ಕಳುಹಿಸುವವರಾದರೆ ನಿಮ್ಮ ಫಾರ್ವರ್ಡರ್ ಮತ್ತು ವಿಮಾನ ಕಂಪನಿ ಏನು ಕೇಳುತ್ತಾರೆಂದು ಮೊದಲೇ ವಿಚಾರಿಸಿ, ಹಣ ಉಳಿದೀತು.

ಪರೀಕ್ಷೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವುದು, ನಮ್ಮ ಕೇಂದ್ರದಲ್ಲಿ ಉತ್ತೀರ್ಣರಾಗಲು ನೂರಕ್ಕೆ 80 ಬೇಕಿತ್ತು. ನನಗೆ 88 ಬಂತು. ತಪ್ಪಿದ್ದು ಹೆಚ್ಚಾಗಿ ದೇಶವಾರು ಮತ್ತು ಕಂಪನಿವಾರು ವಿಶೇಷ ಷರತ್ತುಗಳಲ್ಲಿ. ಪ್ರಶ್ನೆಯಲ್ಲಿ ವಿಮಾನ ಕಂಪನಿಯ ಹೆಸರು ಕಂಡರೆ ಆ ಪುಟಗಳನ್ನು ತೆರೆಯದೆ ಉತ್ತರಿಸಬೇಡಿ. ಪ್ರಮಾಣಪತ್ರ ಆರು ದಿನಗಳಲ್ಲಿ ಇಮೇಲಿಗೆ ಬಂತು, 24 ತಿಂಗಳು ಚಾಲ್ತಿ. ಕೊನೆಯ ಮೂರು ತಿಂಗಳೊಳಗೆ ಮರುತರಬೇತಿ ಪಡೆದರೆ ಮುಂದಿನ 24 ತಿಂಗಳು ಹಳೆಯ ಗಡುವಿನಿಂದಲೇ ಎಣಿಕೆಯಾಗುತ್ತದೆ, ದಿನ ನಷ್ಟವಾಗುವುದಿಲ್ಲ.

ಇನ್ನು ಕಳುಹಿಸುವುದಷ್ಟೇ ಎಂದುಕೊಂಡೆ. ಆದರೆ ನಿಜವಾದ ಕಾಯುವಿಕೆ ಆಮೇಲೆ ಶುರುವಾಯಿತು. ಫಾರ್ವರ್ಡರ್ ಕಚೇರಿಯವರು ಯುಎನ್ 38.3 ಎಂಬ ಬ್ಯಾಟರಿ ಸುರಕ್ಷತಾ ಪರೀಕ್ಷೆಯ ಸಾರಾಂಶ ಕೇಳಿದರು. ಎತ್ತರದ ಕಡಿಮೆ ಒತ್ತಡ, ಬಿಸಿ-ತಂಪು, ಕಂಪನ, ಆಘಾತ, ಶಾರ್ಟ್ ಸರ್ಕ್ಯೂಟ್ ಹೀಗೆ ಎಂಟು ಬಗೆಯ ಪರೀಕ್ಷೆಗಳು. 2020ರ ಜನವರಿಯಿಂದ ತಯಾರಕರು ಅದರ ಸಾರಾಂಶವನ್ನು ಕೇಳಿದವರಿಗೆ ಕೊಡಬೇಕು. ಬ್ಯಾಟರಿ ಜೋಡಿಸಿಕೊಡುವವರು ಸೆಲ್ಲಿನ ವರದಿ ಕಳುಹಿಸಿದರು. ಅದು ಸಾಲದು, ಎಂಟು ಸೆಲ್ ಕೂಡಿಸಿದ ಮೇಲೆ ಆ ಬ್ಯಾಟರಿಗೂ ಪ್ರತ್ಯೇಕ ಪರೀಕ್ಷೆ ಆಗಿರಬೇಕು. ಮತ್ತೆ ಕೇಳಿದಾಗ ಸುರಕ್ಷತಾ ಮಾಹಿತಿ ಪತ್ರ ಕಳುಹಿಸಿದರು. ಅದೂ ಇದಕ್ಕೆ ಬದಲಿಯಲ್ಲ. ಹನ್ನೊಂದನೆಯ ದಿನ ಸರಿಯಾದದ್ದು ಬಂತು, ನೋಡಿದರೆ ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಎ’ ಇದೆ, ನಮ್ಮ ಬ್ಯಾಟರಿಯ ಮೇಲೆ ಇಲ್ಲ. ಎರಡೂ ಒಂದೇ ಎಂದು ಲಿಖಿತವಾಗಿ ತರಿಸಲು ಇನ್ನೂ ನಾಲ್ಕು ದಿನ. ಹೊರಕವಚದ ಮೇಲೆ ವ್ಯಾಟ್-ಅವರ್ ಬರೆದಿರಲಿಲ್ಲ, ಅದು ಇರಲೇಬೇಕು. ಹೊಸ ಲೇಬಲ್ ಅವರಿಂದಲೇ ಮಾಡಿಸಿದೆವು. ನೀವು ಬ್ಯಾಟರಿ ಕೊಳ್ಳುವ ದಿನವೇ ಈ ಕಾಗದ ಕೇಳಿಬಿಡಿ. ಹಣ ಕೊಟ್ಟ ಮೇಲೆ ಕೇಳಿದರೆ ನನ್ನಂತೆ ಹದಿನೈದು ದಿನ ಫೋನ್ ಹಿಡಿದು ಕೂರಬೇಕಾಗುತ್ತದೆ.

ಚಾರ್ಜ್ ಇಳಿಸುವುದೂ ಸುಲಭವಲ್ಲ. ವೋಲ್ಟ್ ಮೀಟರ್ ಇಟ್ಟು ಅಂದಾಜು ಮಾಡಿದರೆ ತಪ್ಪುತ್ತದೆ. ನಮ್ಮ ತಂತ್ರಜ್ಞರು ಪ್ರತಿಯೊಂದನ್ನೂ ಪೂರ್ತಿ ಇಳಿಸಿ, ಮತ್ತೆ ಅಳೆದು 1.5 ಆಂಪಿಯರ್-ಅವರ್ ತುಂಬಿಸಿದರು. ಅದು 29 ಪ್ರತಿಶತದ ಒಳಗೇ ಆಯಿತು. ಯಂತ್ರದೊಳಗಿನವನ್ನೂ ಬಿಡಲಿಲ್ಲ. ಮೂವತ್ತು ಬ್ಯಾಟರಿ, ನಾಲ್ಕು ಚಾರ್ಜರ್, ಎರಡೂವರೆ ದಿನ.

ಪೆಟ್ಟಿಗೆ 1.2 ಮೀಟರ್ ಎತ್ತರದಿಂದ ಯಾವ ಬದಿಗೆ ಬಿದ್ದರೂ ಒಳಗಿನ ಬ್ಯಾಟರಿಗಳು ಸರಿದು ಒಂದಕ್ಕೊಂದು ತಾಗಬಾರದು. ಗೋಡೆಗೆ ಟೇಪ್ ಹಿಡಿದು ಪೆನ್ಸಿಲ್ಲಿನಿಂದ ಗೆರೆ ಹಾಕಿದೆ. ಅದೇ ತೂಕದ ಮರದ ತುಂಡುಗಳನ್ನು ತುಂಬಿ ಪ್ಯಾಕಿಂಗ್ ಹುಡುಗ ಪೆಟ್ಟಿಗೆಯನ್ನು ಆ ಗೆರೆಯಿಂದ ಬಿಟ್ಟ. ಮೂಲೆಯ ಮೇಲೆ ಬಿದ್ದಾಗ ಫೋಮ್ ಸೀಳಿ ಎರಡೂ ತುಂಡುಗಳು ಒಂದರ ಮೈಗೊಂದು ಒರಗಿದ್ದವು. ತೆರೆದು ನೋಡಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡಿಸೆಂಬರಿನಲ್ಲಿ ಇದಕ್ಕಿಂತ ತೆಳ್ಳನೆಯ ಫೋಮಿನಲ್ಲಿ ನಿಜವಾದವನ್ನೇ ಕಳುಹಿಸಿದ್ದೆವು. ನಡುವೆ ದಪ್ಪ ರಟ್ಟಿನ ತಡೆ, ಪ್ರತಿ ಬ್ಯಾಟರಿಗೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲ, ಕನೆಕ್ಟರ್ ಬಾಯಿಗೆ ಮುಚ್ಚಳ. ಮೂರನೆಯ ಪ್ರಯತ್ನದಲ್ಲಿ ಗೆದ್ದೆವು. ಗುರುತಿನ ಸ್ಟಿಕರನ್ನು ಕಚೇರಿಯ ಕಪ್ಪುಬಿಳುಪು ಪ್ರಿಂಟರಿನಲ್ಲಿ ತೆಗೆಯಬೇಡಿ; ಸುತ್ತಲಿನ ಗೀರಂಚು ಕೆಂಪಾಗಿರಬೇಕು. ಈಗ ಅದರಲ್ಲಿ ಫೋನ್ ಸಂಖ್ಯೆ ಬೇಕಿಲ್ಲ. ಸಂಖ್ಯೆಯಿರುವ ಹಳೆಯ ಸ್ಟಿಕರ್ ಉಳಿದಿದ್ದರೆ 2026ರ ಡಿಸೆಂಬರ್ 31ರವರೆಗೆ ಬಳಸಬಹುದು.

ಈ ಹುಡುಗ ವಿಜಯಪುರದ ಕಡೆಯವನು, ಎರಡು ವರ್ಷದಿಂದ ನಮ್ಮಲ್ಲಿದ್ದಾನೆ. ಕಲಿತದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅವನ ಮೇಜಿನ ಮೇಲೆ ಅಂಟಿಸಿದ್ದೆ. ಕೊನೆಯ ಪೆಟ್ಟಿಗೆ ಕಟ್ಟುವ ದಿನ, ಟೆಂಪೋ ಬಾಗಿಲಿಗೆ ಬಂದಿತ್ತು, ಅವನು ನನ್ನ ಬಳಿ ಬಂದು ನಿಂತ. ಕೈಯಲ್ಲೊಂದು ಬ್ಯಾಟರಿ. “ಅಕ್ಕಾ, ಇದು ಕೈ ಜಾರಿ ನೆಲಕ್ಕೆ ಬಿತ್ತು. ನೋಡಲು ಸರಿಯಾಗಿಯೇ ಇದೆ. ಆದರೆ ನೀವು ಬರೆದಿದ್ದೀರಲ್ಲ, ಬಿದ್ದದ್ದನ್ನು ಹಾಕಬಾರದು ಎಂದು.”

ಬೆರಳಿನಿಂದ ಸವರಿ ನೋಡಿದೆ. ನೀಲಿ ಹೊದಿಕೆಯ ಕೆಳಗೆ, ಅಂಚಿನ ಸೆಲ್ಲಿನ ಬಳಿ, ಕಡಲೆಕಾಳಿನಷ್ಟು ಒಂದು ತಗ್ಗು. ಕಣ್ಣಿಗೆ ಕಾಣುವಂಥದ್ದಲ್ಲ. ಏಟು ತಿಂದ, ದೋಷವಿರುವ ಲಿಥಿಯಂ ಬ್ಯಾಟರಿಗೆ ವಿಮಾನದಲ್ಲಿ ಜಾಗವೇ ಇಲ್ಲ. ಬದಲಿಗೆ ಹಾಕಲು ಸಿದ್ಧವಾದದ್ದು ಇನ್ನೊಂದಿರಲಿಲ್ಲ. ಮಾಲೀಕರು ಬಂದು ಗಡಿಯಾರ ನೋಡಿದರು. “ಒಂದಕ್ಕೋಸ್ಕರ ಇನ್ವಾಯ್ಸ್ ಬದಲಾಯಿಸಬೇಕೇ?” ಎಂದು ಕೇಳಿದರು. “ಬದಲಾಯಿಸಬೇಕು, ಸರ್” ಎಂದೆ. ಅವರು ಮತ್ತೆ ಕೇಳಲಿಲ್ಲ. ಟೆಂಪೋ ವಾಪಸು ಹೋಯಿತು. ಇನ್ವಾಯ್ಸ್, ಪ್ಯಾಕಿಂಗ್ ಪಟ್ಟಿ, ತೂಕ ಎಲ್ಲವನ್ನೂ ಇಪ್ಪತ್ತೊಂಬತ್ತಕ್ಕೆ ತಿದ್ದಿ, ಖರೀದಿದಾರರಿಗೆ ಕಾರಣ ಬರೆದು ತಿಳಿಸಿದೆ. ಒಂದು ದಿನ ತಡವಾಯಿತು.

ಮರುದಿನ ನಾನೇ ಸಹಾರ್‌ಗೆ ಹೋದೆ. ಕೌಂಟರಿನವರು ಹತ್ತೂ ಪೆಟ್ಟಿಗೆಗಳ ಗುರುತನ್ನು ಮುಟ್ಟಿ ನೋಡಿದರು, ವೇಬಿಲ್‌ನ ಸಾಲನ್ನು ಓದಿದರು, ಪರೀಕ್ಷೆಯ ಸಾರಾಂಶದ ಮಾದರಿ ಸಂಖ್ಯೆಯನ್ನು ತಾಳೆ ನೋಡಿದರು. ಒಂದು ಪೆಟ್ಟಿಗೆಯಲ್ಲಿ ಮಾತ್ರ ಎರಡೇ ಬ್ಯಾಟರಿ ಏಕೆ ಎಂದು ಕೇಳಿದರು. ಬಿದ್ದ ಬ್ಯಾಟರಿಯ ವಿಷಯ ಹೇಳಿದೆ. ಅವರು ತಲೆಯಾಡಿಸಿ ಮೊಹರು ಒತ್ತಿದರು.

ಆ ಬ್ಯಾಟರಿ ಈಗ ಅಂಗಳದ ಮೂಲೆಯಲ್ಲಿ, ಮರಳು ತುಂಬಿದ ತಗಡಿನ ಡಬ್ಬದಲ್ಲಿದೆ. ಮುಚ್ಚಳದ ಮೇಲೆ ಹುಡುಗ ದಪ್ಪ ಅಕ್ಷರದಲ್ಲಿ ‘ಬಿದ್ದ ಬ್ಯಾಟರಿ, ಮುಟ್ಟಬೇಡಿ’ ಎಂದು ಬರೆದು, ಕೆಳಗೆ ದಿನಾಂಕ ಹಾಕಿದ್ದಾನೆ. ಇ-ತ್ಯಾಜ್ಯದವರು ಶುಕ್ರವಾರ ಬರುತ್ತಾರೆ.